ನೀರು ಎಲ್ಲಿಗೆ ಹೋಗಬೇಕು?

ಗೋಕಾಕ ಸೀಮೆಯಲ್ಲಿ ಅಂಟು ಎಂದರೆ ಮೊದಲು ಬಾಯಲ್ಲಿ ನೀರೂರುತ್ತದೆ. ಮರದ ಅಂಟನ್ನು ತುಪ್ಪದಲ್ಲಿ ಕರಿದು, ಬೆಲ್ಲ, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ ಸೇರಿಸಿ ಮಾಡುವ ಕರದಂಟು ನಮ್ಮ ಕಡೆಯ ಹೆಮ್ಮೆ. ಜಾಲಿಯಂಥ ಮರದ ತೊಗಟೆ ಗಾಯಗೊಂಡಾಗ ಒಸರುವ ಅಂಟನ್ನು ನೀರಿನಲ್ಲಿ ನೆನೆಸಿಟ್ಟರೆ ಕಾಗದ ಅಂಟಿಸುವ ಗೋಂದು ಸಿದ್ಧ. ಅಂಚೆ ಚೀಟಿಯ ಬೆನ್ನನ್ನು ನಾಲಿಗೆಗೆ ತಾಗಿಸಿ ಲಕೋಟೆಯ ಮೇಲೆ ಒತ್ತಿದ್ದು ಅಜ್ಜ-ಅಜ್ಜಿಯರಿಗೆ ನೆನಪಿರಬಹುದು.

ಈ ವಾರ ಅಂಟಿನ ಮಾತು ಬಂದದ್ದು ತಿನ್ನುವ ವಿಷಯಕ್ಕಲ್ಲ. ಮೇಲವಂಕಿಯ ನಮ್ಮ ಓಣಿಯಲ್ಲಿ ಐದನೇ ಇಯತ್ತೆಯ ಹುಡುಗಿಯೊಬ್ಬಳು ಶಾಲೆಗೆಂದು ಚಂದ್ರ, ನಕ್ಷತ್ರಗಳ ಮಾದರಿ ಮಾಡುತ್ತಿದ್ದಳು. ರೊಟ್ಟಿ ಸುತ್ತುವ ಅಲ್ಯುಮಿನಿಯಂ ಹಾಳೆಯನ್ನು ಕತ್ತರಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಗೆ ಬಿಳಿ ಅಂಟಿನಿಂದ ಅಂಟಿಸಿದ್ದಳು. ಎರಡು ದಿನ ಬಿಟ್ಟು ನನ್ನ ಹತ್ತಿರ ಬಂದು, "ಅಜ್ಜಾ, ಅಂಚು ಒಣಗೇತಿ, ನಡುಕ ಇನ್ನೂ ಹಸೀನೇ ಐತಿ. ಮುಟ್ಟಿದ್ರ ಚಂದ್ರ ಜಾರಾಕತ್ತಾನ. ಅಂಟು ಹಳೇದಾಗೇತೇನು?" ಎಂದು ಕೇಳಿದಳು.

ಅಂಟು ಹೊಸದೇ ಇತ್ತು. ನಾನು ಅವಳಿಗೆ ತಿರುಗಿ ಒಂದು ಪ್ರಶ್ನೆ ಕೇಳಿದೆ: "ಒಳಗಿನ ನೀರು ಎಲ್ಲಿಗೆ ಹೋಗಬೇಕವ್ವಾ?"

ಮಕ್ಕಳೇ, ಶಾಲೆಯಲ್ಲಿ ನೀವು ಬಳಸುವ ಬಿಳಿ ಅಂಟು ನೋಡಲು ಹಾಲಿನಂತಿದೆಯಲ್ಲವೇ? ಹಾಲಿನಲ್ಲಿ ಕೊಬ್ಬಿನ ಕಣಗಳು ತೇಲುವಂತೆ, ಅದರಲ್ಲಿ ಪಾಲಿವಿನೈಲ್ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಸಣ್ಣ ಸಣ್ಣ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ. ನೀರು ಹೊರಗೆ ಹೋದ ಮೇಲೆಯೇ ಆ ಕಣಗಳು ಒಂದಕ್ಕೊಂದು ತಾಗಿ, ಬೆಸೆದು, ಗಟ್ಟಿ ಪೊರೆಯಾಗುತ್ತವೆ. ಕಾಗದ, ಕಟ್ಟಿಗೆ, ಬಟ್ಟೆ ನೀರು ಕುಡಿಯುತ್ತವೆ. ಅಲ್ಯುಮಿನಿಯಂ ಕುಡಿಯುವುದಿಲ್ಲ, ಪ್ಲಾಸ್ಟಿಕ್ಕೂ ಕುಡಿಯುವುದಿಲ್ಲ. ಎರಡು ಮುಚ್ಚಿದ ಬಾಗಿಲುಗಳ ನಡುವೆ ನೀರು ಸಿಕ್ಕಿಕೊಂಡಿತು. ಅಂಚಿನಲ್ಲಿ ಮಾತ್ರ ಸ್ವಲ್ಪ ಗಾಳಿಯಾಡಿ ಒಣಗಿತು.

ಹಿಂದಿನವರ ಅಂಟುಗಳೆಲ್ಲ ಬಹುಪಾಲು ನೀರಿನವೇ. ಕೊಪ್ಪಳದ ಹತ್ತಿರದ ಕಿನ್ನಾಳದ ಗೊಂಬೆಗಳನ್ನು ನೀವು ನೋಡಿರಬಹುದು. ಅಲ್ಲಿನ ಕುಶಲಕರ್ಮಿಗಳು ಹುಣಸೆ ಬೀಜದ ಅಂಟಿಗೆ ಸೆಣಬಿನ ಪುಡಿ ಕಲಸಿ 'ಕಿಟ್ಟ' ಎಂಬ ಮಿಶ್ರಣ ಮಾಡುತ್ತಾರೆ. ಅದನ್ನು ಕಟ್ಟಿಗೆಯ ಗೊಂಬೆಗೆ ಬಳಿದು, ಮೇಲೆ ಅದೇ ಅಂಟಿನಿಂದ ಬಟ್ಟೆಯ ಚೂರು ಹಚ್ಚುತ್ತಾರೆ. ಕಟ್ಟಿಗೆ ನೀರು ಕುಡಿಯುತ್ತದೆ, ಬಟ್ಟೆಯೂ ಕುಡಿಯುತ್ತದೆ, ಕೆಲಸ ಗಟ್ಟಿಯಾಗುತ್ತದೆ. ಮದುವೆಯ ಬಾಸಿಂಗದಲ್ಲಿ ಬೇಗಡೆಯನ್ನು ಕಾಗದಕ್ಕೆ, ಬೆಂಡಿಗೆ ಹಚ್ಚುವಾಗಲೂ ಹಾಗೆಯೇ. ಬೇಗಡೆ ನೀರು ಕುಡಿಯದಿದ್ದರೂ ಇನ್ನೊಂದು ಬದಿ ಕುಡಿಯುತ್ತದೆ. ಒಂದು ಬಾಗಿಲು ತೆರೆದಿದ್ದರೆ ಸಾಕು.

ಇದನ್ನು ನೀವೇ ನೋಡಬಹುದು. ಅಲ್ಯುಮಿನಿಯಂ ಹಾಳೆಯ ಎರಡು ಚೂರು ತೆಗೆದುಕೊಳ್ಳಿ. ಒಂದನ್ನು ರಟ್ಟಿಗೆ, ಇನ್ನೊಂದನ್ನು ಪ್ಲಾಸ್ಟಿಕ್ ಹಾಳೆಗೆ ಬಿಳಿ ಅಂಟಿನಿಂದ ಅಂಟಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಎರಡನ್ನೂ ಎಬ್ಬಿಸಿ ನೋಡಿ, ನಡುವೆ ಏನಾಗಿದೆ ಎಂದು ಬರೆದಿಡಿ.

ಹಾಗಾದರೆ ಎರಡೂ ಬಾಗಿಲು ಮುಚ್ಚಿದ್ದಾಗ ಏನು ಮಾಡಬೇಕು? ಉತ್ತರ ಸೈಕಲ್ ಅಂಗಡಿಯಲ್ಲಿದೆ. ಪಂಕ್ಚರ್ ತೆಗೆಯುವವರು ಸೊಲ್ಯೂಷನ್ ಹಚ್ಚಿದ ಕೂಡಲೇ ಪ್ಯಾಚ್ ಒತ್ತುವುದಿಲ್ಲ. ಊದಿ, ಆರಿಸಿ, ಬೆರಳಿಗೆ ಜಿಗುಟಾದ ಮೇಲೆ ಒತ್ತುತ್ತಾರೆ. ಹೊರಗೆ ಹೋಗಬೇಕಾದ ದ್ರವವನ್ನು ಬಾಗಿಲು ಮುಚ್ಚುವ ಮೊದಲೇ ಕಳಿಸಿಬಿಡುವ ಉಪಾಯ ಅದು. ಬಡಿಗೇರರು ಟೇಬಲ್ಲಿಗೆ ಸನ್‌ಮೈಕಾ ಹಚ್ಚುವಾಗ ಬಳಸುವ ರಬ್ಬರ್ ಅಂಟಿನದೂ ಇದೇ ರೀತಿ. ಇನ್ನೊಂದು ದಾರಿ, ಒಣಗುವ ಅಗತ್ಯವೇ ಇಲ್ಲದ ಅಂಟು. ಅಮೆರಿಕದ 3ಎಂ ಕಂಪನಿಯಲ್ಲಿ ರಿಚರ್ಡ್ ಡ್ರೂ ಎಂಬವರು 1930ರಲ್ಲಿ ರೂಪಿಸಿದ ಪಾರದರ್ಶಕ ಟೇಪು ಈ ಬಗೆಯದು. ಅದರ ಅಂಟು ಯಾವಾಗಲೂ ಮೆತ್ತಗೇ ಇರುತ್ತದೆ, ಒತ್ತಿದರೆ ಹಿಡಿಯುತ್ತದೆ. ನಮ್ಮ ಹುಡುಗಿಯ ಚಂದ್ರನನ್ನು ಕೊನೆಗೆ ನಿಲ್ಲಿಸಿದ್ದು ಎರಡೂ ಬದಿ ಅಂಟಿರುವ ಟೇಪು.

ಟೇಪು ಹಚ್ಚುವ ಮೊದಲು ಅವಳಿಂದ ಇನ್ನೊಂದು ಪರೀಕ್ಷೆ ಮಾಡಿಸಿದೆ. ಗಾಜಿನ ಮೇಲೆ ಒಂದು ಹನಿ ನೀರು, ಪ್ಲಾಸ್ಟಿಕ್ ಚೀಲದ ಮೇಲೆ ಒಂದು ಹನಿ. ಶುಭ್ರವಾದ ಗಾಜಿನ ಮೇಲೆ ಹನಿ ಹರಡುತ್ತದೆ. ಪಾಲಿಥಿನ್ ಚೀಲದ ಮೇಲೆ ಕೆಸುವಿನ ಎಲೆಯ ಮೇಲಿನಂತೆ ಗುಂಡಗೆ ಕೂರುತ್ತದೆ. ಯಾವುದೇ ಅಂಟು ಹಿಡಿಯಬೇಕಾದರೆ ಮೊದಲು ಹರಡಬೇಕು, ಮೇಲ್ಮೈಯ ಸಂದುಗೊಂದುಗಳನ್ನೆಲ್ಲ ಮುಟ್ಟಬೇಕು. ಪಾಲಿಥಿನ್ ಹತ್ತಿರ ಬಂದವರನ್ನೆಲ್ಲ ದೂರ ಇಡುವ ಜಾತಿ. ಹಾಗಿದ್ದರೆ ಅದರ ಮೇಲೆ ಅಕ್ಷರ ಅಚ್ಚಾಗುವುದು ಹೇಗೆ? ಕಾರ್ಖಾನೆಯಲ್ಲಿ ಆ ಹಾಳೆಯ ಮೇಲೆ ವಿದ್ಯುತ್ ಕಿಡಿಗಳ ಮಳೆ ಸುರಿಸುತ್ತಾರೆ. ಆಗ ಮೇಲ್ಮೈಗೆ ಗಾಳಿಯ ಆಮ್ಲಜನಕ ಸೇರಿಕೊಂಡು, ಶಾಯಿ ಮತ್ತು ಅಂಟನ್ನು ಹತ್ತಿರ ಬಿಟ್ಟುಕೊಳ್ಳುವ ಗುಣ ಬರುತ್ತದೆ. ಈ ಉಪಾಯವನ್ನು 1951ರಲ್ಲಿ ಕಂಡುಹಿಡಿದವರು ಡೆನ್ಮಾರ್ಕಿನ ಎಂಜಿನಿಯರ್ ವರ್ನರ್ ಐಸ್ಬಿ.

ಅಲ್ಯುಮಿನಿಯಂ ಅಷ್ಟು ಹಟಮಾರಿಯಲ್ಲ. ಗಾಳಿ ಸೋಕಿದ ಕ್ಷಣವೇ ಅದರ ಮೈಮೇಲೆ ಅಲ್ಯುಮಿನಿಯಂ ಆಕ್ಸೈಡಿನ ತೆಳು ಪೊರೆ ಬೆಳೆಯುತ್ತದೆ. ಅದು ಎಷ್ಟು ತೆಳು ಎಂದರೆ ಕಣ್ಣಿಗೆ ಕಾಣುವುದೇ ಇಲ್ಲ. ಬೆಳಗಾವಿಯ ಹಿಂಡಾಲ್ಕೊ ಕಾರ್ಖಾನೆಯಲ್ಲಿ ಬಾಕ್ಸೈಟ್ ಅದಿರಿನಿಂದ ತೆಗೆಯುವ ಬಿಳಿ ಪುಡಿ ಇದೆಯಲ್ಲ, ಅಲ್ಯುಮಿನಾ, ಈ ಪೊರೆಯೂ ಅದೇ ವಸ್ತು. ನಮ್ಮ ಅಜ್ಜಂದಿರು ಆ ಕಾರ್ಖಾನೆಯನ್ನು ಇಂಡಾಲ್ ಎಂದೇ ಕರೆಯುತ್ತಾರೆ. ಪೊರೆ ಶುಭ್ರವಾಗಿದ್ದರೆ ಅಂಟು ಅದನ್ನು ಚೆನ್ನಾಗಿ ಹಿಡಿಯುತ್ತದೆ. ಬೆರಳಿನ ಎಣ್ಣೆಯ ಜಿಡ್ಡು ಇದ್ದರೆ ಅಂಟು ಜಿಡ್ಡನ್ನು ಹಿಡಿಯುತ್ತದೆ, ಲೋಹವನ್ನಲ್ಲ. ಆದ್ದರಿಂದ ಅಂಟಿಸುವ ಮೊದಲು ಒರೆಸಬೇಕು, ಒರೆಸಿದ ಮೇಲೆ ಬೆರಳಿನಿಂದ ಮುಟ್ಟಬಾರದು.

ಇನ್ನು ಮೂರನೆಯ ದಾರಿ, ಬಿಸಿ. ಕಿರಾಣಿ ಅಂಗಡಿಯಲ್ಲಿ ಪ್ಲಾಸ್ಟಿಕ್ ಚೀಲದ ಬಾಯನ್ನು ಮೇಣದಬತ್ತಿಯ ಉರಿಗೆ ಹಿಡಿದು ಮುಚ್ಚುತ್ತಿದ್ದುದನ್ನು ಹಿರಿಯರು ನೋಡಿದ್ದಾರೆ. ಅಲ್ಲಿ ಬೇರೆ ಅಂಟೇ ಇಲ್ಲ. ಕರಗಿದ ಪ್ಲಾಸ್ಟಿಕ್ಕೇ ಅಂಟು. ಹಾಲಿನ ಪಾಕೀಟಿನ ಅಂಚನ್ನು ಯಂತ್ರ ಮುಚ್ಚುವುದೂ ಹೀಗೆಯೇ. ಕರಗಿ ತಣಿಯುವಾಗ ಹೊರಗೆ ಹೋಗಬೇಕಾದ ನೀರು ಇರುವುದಿಲ್ಲ. ಆದ್ದರಿಂದ ಎರಡೂ ಬಾಗಿಲು ಮುಚ್ಚಿದ್ದರೂ ಚಿಂತೆಯಿಲ್ಲ.

ಈಗ ಮನೆಯಲ್ಲಿರುವ ಗುಳಿಗೆಯ ಸ್ಟ್ರಿಪ್ ಒಂದನ್ನು ಅಜ್ಜಿಯ ಕೈಯಲ್ಲೇ ಇರಲಿ ಎಂದು ಹೇಳಿ, ಪಕ್ಕದಲ್ಲಿ ಕೂತು ನೋಡಿ. ಗುಳಿಗೆ ಕಾಣುವ ಪಾರದರ್ಶಕ ಗುಳಿಗಳು ಸಾಮಾನ್ಯವಾಗಿ ಪಿ.ವಿ.ಸಿ. ಪ್ಲಾಸ್ಟಿಕ್ಕಿನವು. ಹಿಂಬದಿಯಲ್ಲಿ ಸುಮಾರು 20 ಮೈಕ್ರಾನ್ ದಪ್ಪದ ಅಲ್ಯುಮಿನಿಯಂ ಹಾಳೆ. ಒಂದು ಮಿಲಿಮೀಟರಿನಲ್ಲಿ 1000 ಮೈಕ್ರಾನ್. ಅಂದರೆ ಇಂಥ 50 ಹಾಳೆ ಒಂದರ ಮೇಲೊಂದು ಇಟ್ಟರೆ ಒಂದು ಮಿಲಿಮೀಟರ್. ಈ ಹಾಳೆಯ ಒಳಬದಿಗೆ ಮೊದಲೇ ಒಂದು ತೆಳುವಾದ ಲೇಪ ಬಳಿದು ಒಣಗಿಸಿರುತ್ತಾರೆ. ಗುಳಿಗೆ ತುಂಬಿದ ಮೇಲೆ ಬಿಸಿ ಅಚ್ಚಿನಿಂದ ಒತ್ತಿದಾಗ ಆ ಲೇಪ ಮೆತ್ತಗಾಗಿ ಪ್ಲಾಸ್ಟಿಕ್ಕಿಗೆ ಹಿಡಿದುಕೊಳ್ಳುತ್ತದೆ. ಅಂಚಿನಲ್ಲಿ ಕಾಣುವ ಸಣ್ಣ ಚೌಕಗಳ ಗುರುತು ಆ ಅಚ್ಚಿನದೇ.

ಗಮನಿಸಿ, ಒಂದೊಂದು ಗುಳಿಗೆಯ ಸುತ್ತಲೂ ಅಂಟಿನ ಬೇಲಿ ಇದೆ. ಒಂದು ಮನೆಯ ಬಾಗಿಲು ಒಡೆದರೂ ಪಕ್ಕದ ಮನೆಗೆ ಗಾಳಿ, ತೇವ ಹೋಗುವುದಿಲ್ಲ. ಪ್ಲಾಸ್ಟಿಕ್ಕಿನ ಮೂಲಕವೂ ತೇವ ಬಹಳ ನಿಧಾನವಾಗಿ ನುಸುಳುತ್ತದೆ. ಅದಕ್ಕೇ ತೇವಕ್ಕೆ ಬೇಗ ಕೆಡುವ ಔಷಧಿಗಳಿಗೆ ಎರಡೂ ಬದಿ ಅಲ್ಯುಮಿನಿಯಂ ಇರುತ್ತದೆ.

ಅಜ್ಜ-ಅಜ್ಜಿಯರೇ, ಈಗ ನಿಮ್ಮ ಜೊತೆ ಮಾತು. ದಿನಕ್ಕೊಂದು ಗುಳಿಗೆ ಸುಲಭವಾಗಿ ಸಿಗಲಿ ಎಂದು ಸ್ಟ್ರಿಪ್ಪನ್ನು ಕತ್ತರಿಯಿಂದ ಬಿಡಿಬಿಡಿಯಾಗಿ ಕತ್ತರಿಸಿ ಡಬ್ಬಿಯಲ್ಲಿ ಇಟ್ಟುಕೊಳ್ಳುವ ರೂಢಿ ಅನೇಕ ಮನೆಗಳಲ್ಲಿದೆ. ಅದರಲ್ಲಿ ಮೂರು ತೊಂದರೆಗಳಿವೆ. ಕತ್ತರಿ ಗುಳಿಯ ತೀರ ಹತ್ತಿರ ಹೋದರೆ ಅಂಟಿನ ಬೇಲಿ ತೆಳುವಾಗಿ ತೇವ ಒಳಗೆ ಹೋಗುತ್ತದೆ. ಔಷಧಿಯ ಹೆಸರು, ಅವಧಿ ಮುಗಿಯುವ ತಾರೀಖು ಇರುವ ಚೂರು ಎಲ್ಲೋ ಹೋಗಿ, ಕೈಯಲ್ಲಿ ಹೆಸರಿಲ್ಲದ ಗುಳಿಗೆ ಉಳಿಯುತ್ತದೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಮಬ್ಬು ಬೆಳಕಿನಲ್ಲಿ, ಕನ್ನಡಕವಿಲ್ಲದೆ, ಕತ್ತರಿಸಿದ ಚೂರನ್ನು ಹೊದಿಕೆಯ ಸಮೇತ ನುಂಗಿದವರಿದ್ದಾರೆ. ಅದರ ಚೂಪು ಮೂಲೆಗಳು ಅನ್ನನಾಳವನ್ನು, ಕರುಳನ್ನು ಗಾಯಗೊಳಿಸುತ್ತವೆ. ಇಂಥ ಪ್ರಕರಣಗಳನ್ನು ವೈದ್ಯರು ಹಲವು ದೇಶಗಳಲ್ಲಿ ದಾಖಲಿಸಿದ್ದಾರೆ. ಸ್ಟ್ರಿಪ್ಪನ್ನು ಇಡಿಯಾಗಿಯೇ ಇಡಿ. ಬೇಕಾದಾಗ ಪ್ಲಾಸ್ಟಿಕ್ ಬದಿಯಿಂದ ಹೆಬ್ಬೆರಳಲ್ಲಿ ಒತ್ತಿ ಒಂದೇ ಒಂದು ತೆಗೆಯಿರಿ. ವಾರದ ಡಬ್ಬಿಯಲ್ಲಿ ಮೊದಲೇ ಬಿಡಿಸಿಡಬೇಕೆಂದರೆ, ಆ ಗುಳಿಗೆಯನ್ನು ಹಾಗೆ ಇಡಬಹುದೇ ಎಂದು ಔಷಧ ಅಂಗಡಿಯಲ್ಲಿ ಕೇಳಿಕೊಳ್ಳಿ.

ಮಕ್ಕಳೇ, ನಿಮಗೂ ಒಂದು ಕೆಲಸ. ಭಾನುವಾರ ಅಜ್ಜ-ಅಜ್ಜಿಯ ಜೊತೆ ಕೂತು, ಅವರು ಹಿಡಿದ ಸ್ಟ್ರಿಪ್ಪುಗಳ ಮೇಲಿನ ತಾರೀಖನ್ನು ಓದಿ ಹೇಳಿ. ಹಾಳೆ ಎಲ್ಲಾದರೂ ಎದ್ದಿದೆಯೇ, ತೂತಾಗಿದೆಯೇ, ಗುಳಿಗೆಯ ಬಣ್ಣ ಬದಲಾಗಿದೆಯೇ ನೋಡಿ. ಹಾಗಿದ್ದರೆ ಅದನ್ನು ನುಂಗದೆ, ಅಂಗಡಿಯವರಿಗೆ ತೋರಿಸಲು ಹೇಳಿ. ನೀವು ಗುಳಿಗೆ ಬಿಡಿಸಬಾರದು, ಓದುವುದಷ್ಟೇ ನಿಮ್ಮ ಪಾಲು.

ಕೊನೆಯದಾಗಿ ಚಿಪ್ಸ್ ಪಾಕೀಟಿನ ಮಾತು. ಖಾಲಿ ಪಾಕೀಟನ್ನು ಮುಷ್ಟಿಯಲ್ಲಿ ಹಿಂಡಿ ಬಿಡಿ. ಮುದ್ದೆಯಾಗಿಯೇ ಉಳಿದರೆ ಅದು ಅಲ್ಯುಮಿನಿಯಂ ಹಾಳೆ. ಮತ್ತೆ ಅರಳಿಕೊಂಡರೆ, ಪ್ಲಾಸ್ಟಿಕ್ ಪೊರೆಯ ಮೇಲೆ ಅಲ್ಯುಮಿನಿಯಂ ಆವಿಯನ್ನು ಕೂರಿಸಿದ್ದು. ಹೆಚ್ಚಿನ ಚಿಪ್ಸ್ ಪಾಕೀಟುಗಳು ಅರಳಿಕೊಳ್ಳುತ್ತವೆ. ಇವುಗಳಲ್ಲಿ ಎರಡು ಮೂರು ಪದರಗಳನ್ನು ಅಂಟಿನಿಂದ ಅಥವಾ ಕರಗಿದ ಪ್ಲಾಸ್ಟಿಕ್ಕಿನಿಂದ ಬೆಸೆದಿರುತ್ತಾರೆ. ಒಳಗಿನ ತಿಂಡಿ ಗರಿಗರಿಯಾಗಿರುವುದು ಆ ಬೆಸುಗೆಯಿಂದ. ಆದರೆ ಬಿಡಿಸಲು ಬಾರದ ಆ ಬೆಸುಗೆಯಿಂದಲೇ ಅವು ಮರುಬಳಕೆಗೆ ಬಹಳ ಕಷ್ಟ. ಒಲೆಗೆ ಹಾಕಿದರೆ ಕೆಟ್ಟ ಹೊಗೆ, ಓಣಿಗೆ ಎಸೆದರೆ ದನದ ಹೊಟ್ಟೆ. ಒಣ ಕಸದ ಚೀಲಕ್ಕೇ ಹಾಕಿ. ಪಾಕೀಟು ಒಂದು ಕಡಿಮೆ ಕೊಂಡರೆ ಇನ್ನೂ ಒಳ್ಳೆಯದು. ಡಬ್ಬಿಯಲ್ಲಿ ಅಜ್ಜಿ ಹುರಿದಿಟ್ಟ ಶೇಂಗಾ ಇದೆಯಲ್ಲ!

ಮುಂದಿನ ವಾರ ಹುಣಸೆ ಬೀಜದ ಅಂಟನ್ನು ಮನೆಯಲ್ಲೇ ಮಾಡೋಣ. ಅಷ್ಟರಲ್ಲಿ ಒಂದು ಹಿಡಿ ಬೀಜ ಕೂಡಿಸಿಡಿ.