ಅಂಕಿಯೇ ಹಣೆಬರಹವೆ?

“ನಾನು ಉಳಿಯುವೆನೆ?” ರೋಗಿಯ ಮನಸ್ಸಿನಲ್ಲಿ ರೋಗದ ಹೆಸರಿಗಿಂತ ಮೊದಲು ಏಳುವ ಪ್ರಶ್ನೆ ಇದು. ನಮ್ಮ ಗಿಲ್ಲೆಸುಗೂರಿನಂಥ ಊರುಗಳಲ್ಲಿ ಹಿಂದೆ ಇದನ್ನು ಜೋಯಿಸರಲ್ಲಿ ಕೇಳುತ್ತಿದ್ದರು. ಇಂದು ರಕ್ತಪರೀಕ್ಷೆಯ ಚೀಟಿ ಹಿಡಿದು ಓದುಬಲ್ಲವರ ಬಾಗಿಲಿಗೆ ಬರುತ್ತಾರೆ. ದೊಡ್ಡಕರುಳಿನ ಕ್ಯಾನ್ಸರ್ ಆದವರ ಚೀಟಿಯಲ್ಲಿ ‘ಸಿ.ಇ.ಎ.’ ಎಂಬ ಮೂರು ಅಕ್ಷರ, ಅದರ ಮುಂದೊಂದು ಅಂಕಿ. ಕನ್ನಡದ ಮೇಷ್ಟರಿಗೂ ಇದರ ಅರ್ಥವನ್ನು ಅರಸದೆ ವಿಧಿಯಿಲ್ಲ.

1965ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಎಂಬ ವಿಜ್ಞಾನಿಗಳು ಕರುಳಿನ ಗಡ್ಡೆಯಲ್ಲಿ ಒಂದು ಪ್ರೋಟೀನನ್ನು ಗುರುತಿಸಿದರು. ಗರ್ಭಸ್ಥ ಶಿಶುವಿನ ಕರುಳಿನಲ್ಲಿಯೂ ಅದು ಉಂಟು. ಜನನಾನಂತರ ತೀರ ಅಲ್ಪವಾಗುತ್ತದೆ. ಅದೇ ಈ ಸಿ.ಇ.ಎ. ರಕ್ತದ ಒಂದು ಮಿಲಿಲೀಟರಿನಲ್ಲಿ ಅದು 5 ನ್ಯಾನೊಗ್ರಾಮಿಗಿಂತ ಕಡಿಮೆಯಿದ್ದರೆ ಸಾಮಾನ್ಯವೆಂದು ಎಣಿಸುವ ವಾಡಿಕೆ. ಒಂದು ನ್ಯಾನೊಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು!

ಶಸ್ತ್ರಚಿಕಿತ್ಸೆಗೆ ಮುನ್ನ ಈ ಅಂಕಿ ಏರಿದ್ದವರಲ್ಲಿ ರೋಗ ಮರುಕಳಿಸುವ ಸಂಭವ ಹೆಚ್ಚೆಂಬುದು ನಿಜ. ಆದರೆ ಬೀಡಿ ಸೇದುವವರಲ್ಲಿಯೂ ಯಕೃತ್ತಿನ ಬೇನೆಯವರಲ್ಲಿಯೂ ಅದು ಏರಬಹುದು. ಕೆಲವು ಗಡ್ಡೆಗಳು ಅದನ್ನು ಸ್ರವಿಸುವುದೇ ಇಲ್ಲ. ತುಂಗಭದ್ರೆಯ ದಡದವರಿಗೆ ಒಂದು ದಿನದ ನೀರಿನ ಮಟ್ಟಕ್ಕಿಂತ ಹೊಳೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಮುಖ್ಯವಲ್ಲವೆ? ಇಲ್ಲಿಯೂ ಹಾಗೆಯೇ. ಗಡ್ಡೆಯನ್ನು ಪೂರ್ಣವಾಗಿ ತೆಗೆದ ಮೇಲೆ ನಾಲ್ಕಾರು ವಾರಗಳಲ್ಲಿ ಅಂಕಿ ಇಳಿಯಬೇಕು. ಇಳಿದುದು ಮತ್ತೆ ಮತ್ತೆ ಏರತೊಡಗಿದರೆ ವೈದ್ಯರು ಎಚ್ಚರಗೊಳ್ಳುತ್ತಾರೆ. ಆದುದರಿಂದಲೇ ಗುಣವಾದವರನ್ನೂ ಕೆಲವು ವರ್ಷ, ಮೂರರಿಂದ ಆರು ತಿಂಗಳಿಗೊಮ್ಮೆ ಪರೀಕ್ಷೆಗೆ ಕರೆಯುವುದು.

ಕತ್ತರಿಸಿ ತೆಗೆದ ಗಡ್ಡೆಯಲ್ಲಿಯೂ ವೈದ್ಯರು ಪ್ರೋಟೀನುಗಳನ್ನು ಹುಡುಕುತ್ತಾರೆ. ವಂಶವಾಹಿಗಳ ನಕಲಿನಲ್ಲಾಗುವ ತಪ್ಪುಗಳನ್ನು ತಿದ್ದುವ ನಾಲ್ಕು ಪ್ರೋಟೀನುಗಳುಂಟು. ನೂರರಲ್ಲಿ ಸುಮಾರು 15 ಗಡ್ಡೆಗಳಲ್ಲಿ ಈ ತಿದ್ದುವ ಕಾರ್ಯ ನಿಂತಿರುತ್ತದೆ. ವಿಚಿತ್ರವೆಂದರೆ, ರೋಗ ಎರಡನೆಯ ಹಂತದಲ್ಲಿದ್ದಾಗ ಇಂಥವರ ಮುನ್ನೋಟವೇ ಹೆಚ್ಚು ಆಶಾದಾಯಕ. ಕೆಲವರಲ್ಲಿ ಈ ದೋಷ ವಂಶದಿಂದ ಬಂದಿರಬಹುದಾದ ಕಾರಣ ಒಡಹುಟ್ಟಿದವರೂ ಮಕ್ಕಳೂ ವೈದ್ಯರ ಸಲಹೆ ಪಡೆಯುವುದು ಲೇಸು.

ಇವೆಲ್ಲ ನೂರಾರು ರೋಗಿಗಳ ಲೆಕ್ಕದಿಂದ ತೆಗೆದ ಸೂಚನೆಗಳು; ಒಬ್ಬನ ಆಯುಷ್ಯವನ್ನು ಯಾವ ಅಂಕಿಯೂ ಬರೆದಿಡಲಾರದು. ಎಲ್ಲಕ್ಕಿಂತ ದೊಡ್ಡ ಸೂಚಕ, ರೋಗ ಯಾವ ಹಂತದಲ್ಲಿ ಸಿಕ್ಕಿತೆಂಬುದು. ಅಮೆರಿಕದ ಲೆಕ್ಕದಂತೆ, ರೋಗ ಕರುಳನ್ನು ದಾಟುವ ಮೊದಲೇ ಸಿಕ್ಕವರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಐದು ವರ್ಷ ದಾಟುತ್ತಾರೆ. ದೂರದ ಅಂಗಗಳಿಗೆ ಹಬ್ಬಿದ ಮೇಲೆ ಆರೇಳು ಮಂದಿಯಲ್ಲಿ ಒಬ್ಬರು ಮಾತ್ರ.

ಮಲದಲ್ಲಿ ರಕ್ತ ಕಂಡರೆ ನಮ್ಮವರು ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸಿ, ನಾಚಿ, ಸಂತೆಯ ಪುಡಿ ನುಂಗಿ ತಿಂಗಳುಗಟ್ಟಲೆ ಕಳೆಯುತ್ತಾರೆ. ಹಲವರದು ಮೂಲವ್ಯಾಧಿಯೇ ಇರಬಹುದು. ಅದನ್ನು ವೈದ್ಯರು ನೋಡಿ ಹೇಳಲಿ. ರಾಯಚೂರಿನಲ್ಲಿ ರಿಮ್ಸ್ ಆಸ್ಪತ್ರೆಯಿದೆ. ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಶಾಖೆಯಿದೆ. ಬೆಳೆಗೆ ಹುಳು ಬಿದ್ದರೆ ಅಂದೇ ಓಡುವ ರೈತನು ತನ್ನ ಹೊಟ್ಟೆಗಾಗಿ ಒಂದು ದಿನದ ಬಸ್ಸು ಹತ್ತಬಾರದೆ?