ಖೋ ಕೊಡುವುದು ಯಾರಿಗೆ?

ಪಿ.ಟಿ. ಮೇಷ್ಟರಾಗಲು ಬರುವವರು ಬಹುಪಾಲು ಮೈದಾನದಲ್ಲಿ ಗೆದ್ದು ಬಂದವರು. ಬಿ.ಪಿ.ಎಡ್. ಪ್ರವೇಶಕ್ಕೆ ಸಾಮಾನ್ಯವಾಗಿ ಓಟ, ಜಿಗಿತ, ಎಸೆತಗಳ ಪರೀಕ್ಷೆ ಇರುತ್ತದೆ. ಆಡಿ ಗಳಿಸಿದ ಪ್ರಮಾಣಪತ್ರಗಳಿಗೂ ಬೆಲೆಯಿದೆ. ಇರಲಿ, ಆಟ ಗೊತ್ತಿಲ್ಲದವರು ಆಟ ಕಲಿಸಲಾರರು. ಆದರೆ ಹೀಗೆ ಆಯ್ಕೆಯಾದವರಲ್ಲಿ ಹೆಚ್ಚಿನವರಿಗೆ ಓಡುವುದು, ಹಿಡಿಯುವುದು ಎಂದೂ ಕಷ್ಟವಾಗಿದ್ದೇ ಇಲ್ಲ. ಚೆಂಡು ಎದುರಿಗೆ ಬಂದರೆ ಕಣ್ಣು ಮುಚ್ಚಿಕೊಳ್ಳುವ ಹುಡುಗಿ, ತಂಡ ಹಂಚುವಾಗ ಕಡೆಗೆ ಉಳಿಯುವ ದಪ್ಪ ಹುಡುಗ, ಇವರು ಅವರಿಗೆ ಅಪರಿಚಿತರು. ಈ ಅಪರಿಚಿತರನ್ನು ಕಾಣುವಂತೆ ಮಾಡುವುದೇ ಎರಡು ವರ್ಷದ ತರಬೇತಿಯ ಮುಖ್ಯ ಕೆಲಸ ಎಂದು ನನಗನಿಸುತ್ತದೆ.

1891ರ ಚಳಿಗಾಲದಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಯುವ ಅಧ್ಯಾಪಕನ ಪಾಲಿಗೆ ಒಂದು ತಂಟೆಕೋರ ತರಗತಿ ಬಂತು. 18 ಜನ, ಎಲ್ಲರಿಗೂ ಒಳಾಂಗಣದ ಕವಾಯತು ಬೇಸರವಾಗಿತ್ತು. ಆತ ಅವರನ್ನು ಗದರಿಸಿ ಸಾಲಿಗೆ ನಿಲ್ಲಿಸಲಿಲ್ಲ. ಗೊತ್ತಿದ್ದ ಆಟಗಳನ್ನೇ ಬಿಚ್ಚಿ ನೋಡಿದ. ಚೆಂಡು ಹಿಡಿದು ಓಡುವವನನ್ನು ತಾನೇ ಬೀಳಿಸುವುದು? ಓಟವನ್ನೇ ನಿಷೇಧಿಸೋಣ. ಗುರಿ ನೆಲದಲ್ಲಿದ್ದರೆ ಬಲವಾಗಿ ಬೀಸುತ್ತಾರೆ; ಅದನ್ನು ತಲೆಯ ಮೇಲಕ್ಕೆ ಏರಿಸೋಣ. ಪೀಚ್ ಹಣ್ಣಿನ ಬುಟ್ಟಿಗಳು, 13 ನಿಯಮಗಳು, ಬ್ಯಾಸ್ಕೆಟ್‌ಬಾಲ್ ಹುಟ್ಟಿತು. ಅದೇ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಓದಿದ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಣ ಕಾಲೇಜು ಸ್ಥಾಪಿಸಿದರು. ನಮ್ಮ ದೇಶದ ದೈಹಿಕ ಶಿಕ್ಷಕರ ತರಬೇತಿಯ ಬೇರು ಅಲ್ಲಿದೆ.

ಎದುರಿಗಿರುವವರಿಗೆ ತಕ್ಕಂತೆ ಆಟವನ್ನು ಬಿಚ್ಚಿ ಕಟ್ಟುವ ಆ ಜಾಣ್ಮೆ ನಮ್ಮ ಬೋಧನಾ ಅಭ್ಯಾಸದ ಪಾಠಗಳಲ್ಲಿ ಅಪರೂಪ. ಖೋ ಖೋ ಪಾಠವನ್ನೇ ನೋಡಿ. ಮಕ್ಕಳನ್ನು ಸಾಲಾಗಿ ಕೂರಿಸಿ ಖೋ ಕೊಡುವುದು, ಏಳುವುದು, ಕಂಬ ಸುತ್ತುವುದನ್ನು ಬಿಡಿಬಿಡಿಯಾಗಿ ಮಾಡಿಸುತ್ತಾರೆ. ಆಟ ಶುರುವಾದೊಡನೆ ಅದೆಲ್ಲ ಮರೆತುಹೋಗುತ್ತದೆ. ಓಡುವವಳು ನಡುಸಾಲಿನ ಆಚೆ ನುಸುಳಿದರೆ ಅಟ್ಟಿಸಿಕೊಂಡು ಹೋದವಳು ಕಕ್ಕಾಬಿಕ್ಕಿ. ಬದಲಿಗೆ ನಾಲ್ವರನ್ನಷ್ಟೇ ಕೂರಿಸಿ, ಚಿಕ್ಕ ಅಂಕಣ ಹಾಕಿ ಆಡಿಸಬೇಕು. ನಡುವೆ ನಿಲ್ಲಿಸಿ ಕೇಳಬೇಕು: ‘ಅವಳು ಆ ಕಡೆ ಹೋದಳು, ನೀನು ದಾಟೋ ಹಾಗಿಲ್ಲ. ಈಗ ಯಾರಿಗೆ ಖೋ ಕೊಟ್ಟರೆ ಸಿಗ್ತಾಳಮ್ಮಾ?’ ಮಗು ಆಗ ಕೂತವರ ಮುಖ ಯಾವ ಕಡೆಗಿದೆ ಎಂದು ನೋಡುತ್ತದೆ. ಒಬ್ಬರು ಬಿಟ್ಟು ಒಬ್ಬರು ಆ ಕಡೆ, ಈ ಕಡೆ ತಿರುಗಿ ಕೂತಿರುವುದು ಏಕೆಂದು ಅದಕ್ಕೇ ಹೊಳೆಯುತ್ತದೆ. ಎಷ್ಟೋ ಸಲ ಸರಿಯಾದ ಉತ್ತರ ಹೇಳುವವಳು ನಿಧಾನವಾಗಿ ಓಡುವ ಹುಡುಗಿಯೇ! ಇಂಗ್ಲೆಂಡಿನ ಲಫ್‌ಬರೋದಲ್ಲಿ ಡೇವಿಡ್ ಬಂಕರ್, ರಾಡ್ ಥಾರ್ಪ್ 1982ರಲ್ಲಿ ಮಂಡಿಸಿದ್ದು ಇದನ್ನೇ: ಮೊದಲು ಆಟದ ತಿಳಿವಳಿಕೆ, ಅದರ ಅಗತ್ಯಕ್ಕೆ ತಕ್ಕಂತೆ ಕೌಶಲ.

ಹೀಗೆ ಕಲಿಸುವವನಿಗೆ ಅಂಕ ಸಿಗಬೇಕಲ್ಲ? ಸಮವಸ್ತ್ರ, ಸೀಟಿ, ಆಜ್ಞೆಯ ಗತ್ತು, ಸಾಲಿನ ನೇರ, ಪರೀಕ್ಷಕರ ಕಣ್ಣು ಬೇಗ ಹೋಗುವುದು ಇವುಗಳತ್ತ. 40 ಮಕ್ಕಳಿಗೆ ಒಂದೇ ಚೆಂಡು ಕೊಟ್ಟು ಅರ್ಧರ್ಧ ನಿಮಿಷ ಆಡಿಸಿದರೂ ಒಂದು ಸುತ್ತಿಗೆ 20 ನಿಮಿಷ ಬೇಕು. ಶಿಸ್ತಾಗಿ ಕಾಣುವ ಆ ಪಾಠದಲ್ಲಿ ಪ್ರತಿ ಮಗು ಹತ್ತೊಂಬತ್ತೂವರೆ ನಿಮಿಷ ಸುಮ್ಮನೆ ನಿಂತಿರುತ್ತದೆ. ಪರೀಕ್ಷಕರು ಹಿಂಜರಿಯುವ ಒಬ್ಬ ಹುಡುಗನನ್ನು ಗುರುತಿಟ್ಟುಕೊಂಡು, ಅವನ ಕೈಗೆ ಚೆಂಡು ಎಷ್ಟು ಸಲ ಬಂತು ಎಂದು ಎಣಿಸಲಿ. ಆ ಎಣಿಕೆಗೆ ಅಂಕವಿರಲಿ.

ಇಷ್ಟಾದರೂ ಚಿಕ್ಕ ಮಕ್ಕಳ ಪ್ರಶ್ನೆ ಉಳಿಯುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಆಟದ ಮೈದಾನ ಬೇಕೆನ್ನುತ್ತದೆ, ಆದರೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರನ್ನು ಹೇಳುವುದು ಆರರಿಂದ ಎಂಟನೇ ತರಗತಿಗೆ, ಅದೂ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ. ಎಸೆಯಲು, ಹಿಡಿಯಲು, ಕುಪ್ಪಳಿಸಲು ಮೈ ಪಳಗುವುದು ಅದಕ್ಕೂ ಮುಂಚೆ. ಆ ವಯಸ್ಸಿನಲ್ಲಿ ಮಕ್ಕಳನ್ನು ಆಡಿಸುವವರು ಕನ್ನಡ, ಗಣಿತ ಹೇಳಿಕೊಡುವ ಟೀಚರೇ. ಅವರನ್ನು ತಯಾರು ಮಾಡುವ ಡಿ.ಎಲ್.ಇಡಿ. ತರಬೇತಿಯಲ್ಲೂ ದೈಹಿಕ ಶಿಕ್ಷಣ ದಾಖಲೆ ಪುಸ್ತಕದಲ್ಲಿ ಮುಗಿಯಬಾರದು. ಆ ವಿದ್ಯಾರ್ಥಿಗಳೂ ಮೈದಾನಕ್ಕಿಳಿದು, ಒಂದನೇ ತರಗತಿಯ ಮಕ್ಕಳೊಡನೆ ಪಾಠ ಮಾಡಿಯೇ ಪಾಸಾಗಬೇಕು.