ಜಗಳ ಲ್ಯಾಟಿನ್ ಪೂಜೆಯದಷ್ಟೇ ಅಲ್ಲ

ಹಳೆಯ ಲ್ಯಾಟಿನ್ ಬಲಿಪೂಜೆಗೆ ಅಡ್ಡಿ ಮಾಡದಿದ್ದರೆ ಸಂಪ್ರದಾಯವಾದಿ ಕ್ಯಾಥೊಲಿಕ್ ಗುರುಗಳ ಸಂತ ಹತ್ತನೇ ಪಯಸ್ ಸಂಘ ತಾನಾಗಿಯೇ ರೋಮ್‌ಗೆ ಮರಳುತ್ತದೆ ಎಂಬ ವಾದವನ್ನು ಒಪ್ಪಲಾಗದು. ಹಾಗಾಗುವುದಿದ್ದರೆ ಎಂದೋ ಆಗಬೇಕಿತ್ತು.

2007ರಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟ್ ಆ ಪೂಜೆಗೆ ಧಾರಾಳವಾಗಿ ಅನುಮತಿ ಕೊಟ್ಟರು. 1988ರಲ್ಲಿ ಸಂಘದ ಸ್ಥಾಪಕ ಆರ್ಚ್‌ಬಿಷಪ್ ಲೆಫೆವ್ರ್ ಪೋಪರ ಅಪ್ಪಣೆ ಮೀರಿ ಸ್ವಿಟ್ಜರ್ಲೆಂಡಿನ ಎಕೋನ್‌ನಲ್ಲಿ ಅಭಿಷೇಕಿಸಿದ್ದ ನಾಲ್ವರು ಬಿಷಪರ ಮೇಲಿನ ಬಹಿಷ್ಕಾರವನ್ನೂ 2009ರಲ್ಲಿ ತೆಗೆದರು. ಆದರೂ 2012ರ ಹೊತ್ತಿಗೆ ಸಂಘದೊಂದಿಗಿನ ಮಾತುಕತೆ ಮುರಿದುಬಿತ್ತು. ಕಾರಣ, ಎರಡನೇ ವ್ಯಾಟಿಕನ್ ಮಹಾಸಭೆಯ ಬೋಧನೆ. 1965ರಲ್ಲಿ ಅದು ಸಾರಿದ ಧಾರ್ಮಿಕ ಸ್ವಾತಂತ್ರ್ಯವನ್ನೂ ಯೆಹೂದ್ಯರೂ ಸೇರಿದಂತೆ ಅನ್ಯಧರ್ಮೀಯರ ಬಗೆಗಿನ ಗೌರವದ ನಿಲುವನ್ನೂ ಸಂಘ ಇಂದಿಗೂ ತಪ್ಪೆನ್ನುತ್ತದೆ.

ರೋಮ್ ಬಾಗಿಲು ಮುಚ್ಚಿದೆ ಎನ್ನುವುದೂ ಸುಳ್ಳು. ಸಂಘದ ಗುರುಗಳ ಬಳಿ ಭಕ್ತರು ಮಾಡುವ ಪಾಪನಿವೇದನೆಗೆ ಪೋಪ್ ಫ್ರಾನ್ಸಿಸ್ ಮಾನ್ಯತೆ ಕೊಟ್ಟರು. ಬ್ರೆಜಿಲ್‌ನ ಕಾಂಪೋಸ್‌ನಲ್ಲಿ ಇದೇ ಪಂಥದ ಗುರುಗಳು 2002ರಲ್ಲಿ ಮಹಾಸಭೆಯನ್ನು ಮಾನ್ಯಮಾಡಿ ಧರ್ಮಸಭೆಯೊಂದಿಗೆ ಒಂದಾದರು. ಹಳೆಯ ಪೂಜೆಯೂ ಅವರ ಕೈತಪ್ಪಲಿಲ್ಲ.

ಐಕ್ಯ ನಮಗೂ ಬೇಕು. ಆದರೆ ಯೆಹೂದ್ಯರ, ಅನ್ಯಧರ್ಮೀಯರ ಘನತೆಯನ್ನು ಒತ್ತೆಯಿಟ್ಟು ಕೊಳ್ಳುವ ಐಕ್ಯ ಬೇಡ. ಸಂಘ ಮೊದಲು ಮಹಾಸಭೆಯನ್ನು ಒಪ್ಪಲಿ.